ಒಂದೇ ತಂತಿಯ ದೀಪ

ಫ್ಯಾನು ನಿಂತಿತು. ಫ್ರಿಜ್ಜಿನ ಗುಂಯ್‌ಗುಡುವಿಕೆಯೂ ನಿಂತಿತು. ಸ್ಟೂಲ್ ಹತ್ತಿ ಅಡುಗೆಮನೆಯ ಸ್ವಿಚ್‌ಬೋರ್ಡಿನೊಳಗೆ ಸ್ಕ್ರೂಡ್ರೈವರ್ ಹಾಕಿದ್ದ ರೋಹನ ಸಿಟ್ಟಿನಿಂದ ಹಿಂತಿರುಗಿ ನೋಡಿದ.

"ಯಾರದು ಮೇನ್ ಬಂದ್ ಮಾಡಿದವರು?"

"ನಾನ."

ಮೇನ್ ಸ್ವಿಚ್ಚಿನ ಹಿಡಿಕೆಯ ಮೇಲೆ ಇನ್ನೂ ಕೈ ಇಟ್ಟುಕೊಂಡೇ ಒಬ್ಬ ಹುಡುಗಿ ನಿಂತಿದ್ದಳು. ಇನ್ನೊಂದು ಕೈಯಲ್ಲಿ ಹೆಲ್ಮೆಟ್, ಹೆಗಲಿಗೆ ಸಾಮಾನಿನ ಚೀಲ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದ ಪರಿ ನೋಡಿದರೆ ಜಗಳಕ್ಕೇ ಬಂದವಳಂತಿದ್ದಳು.

"ನೀವು ಯಾರು?"

"ಚಾಲೂ ಲೈನಿನ್ಯಾಗ ಕೈ ಹಾಕಿದವರನ್ನ ಮೊದಲ ಕೆಳಗ ಇಳಸ್ತೀನಿ. ಹೆಸರು ಆಮ್ಯಾಲೆ ಹೇಳ್ತೀನಿ. ಇಳೀರಿ."

ಅವನು ಇಳಿದ. ಯಾಕೆ ಇಳಿದೆನೆಂದು ಅವನಿಗೇ ಗೊತ್ತಾಗಲಿಲ್ಲ. ಅಂಕಲಿಯಿಂದ ಯಡೂರಿಗೆ ಹೋಗುವ ದಾರಿಯಲ್ಲಿ ವಿರುಪಾಕ್ಷಪ್ಪನ ಮಗ ಎಂದರೆ ದೊಡ್ಡ ಹೆಸರು. ಪಂಪ್‌ಸೆಟ್ಟಿನ ಮೋಟಾರಿನಿಂದ ಹಿಡಿದು ಟ್ರ್ಯಾಕ್ಟರಿನವರೆಗೆ ಎಲ್ಲವನ್ನೂ ತಾನೇ ಬಿಚ್ಚಿ ತಾನೇ ಕೂಡಿಸುವವನು. ಕೂಡಿಸಿದ ಮೇಲೆ ಒಂದೆರಡು ನಟ್ಟು ಕೈಯಲ್ಲೇ ಉಳಿಯುತ್ತಿದ್ದವು, ಅದು ಬೇರೆ ಮಾತು.

"ಇಲೆಕ್ಟ್ರಿಷಿಯನ್ ಬರ್ತಾನಂತ ಆಯಿ ಈಗ ಹೇಳಿದ್ಲು. ಎಲ್ಲಿ ಅದಾನ ಅಂವ?"

"ನಿಮ್ಮ ಮುಂದ ನಿಂತಾನ," ಎಂದಳು ಆಕೆ, ಮುಖ ಸಡಿಲಿಸದೆ. "ಕಾಂಚನ ಅಂತಾರ."

ಕರೆಸಿದವಳು ರೋಹನನ ಅಜ್ಜಿ ಗೌರಾಬಾಯಿ, ಮನೆಮಂದಿಗೆಲ್ಲ ಆಯಿ. ಸಂಜೆಯಾದರೆ ಹಿತ್ತಲಿನ ನಳ ಜುಮ್ಮೆಂದು ಕೈ ಕಚ್ಚುತ್ತಿತ್ತು. ಮಗ, ಮೊಮ್ಮಗ ಇಬ್ಬರೂ "ನಾ ನೋಡ್ತೀನಿ ಬಿಡು" ಎನ್ನುತ್ತಿದ್ದರೇ ಹೊರತು ನಳ ಕಚ್ಚುವುದನ್ನು ಬಿಟ್ಟಿರಲಿಲ್ಲ. ಚಿಕ್ಕೋಡಿಯ ನೆಂಟರ ಮನೆಯ ಬೋರ್ಡಿನ ಮೇಲೆ ಒಂದು ಹಳದಿ ಸ್ಟಿಕ್ಕರ್ ಅಂಟಿತ್ತು... 'ಕಾಂಚನ ಇಲೆಕ್ಟ್ರಿಕಲ್ಸ್', ಕೆಳಗೆ ಫೋನ್ ನಂಬರು. ಆಯಿ ಯಾರಿಗೂ ಹೇಳದೆ ಆ ನಂಬರಿಗೆ ಫೋನ್ ಮಾಡಿಸಿದ್ದಳು.

ಪಡಸಾಲೆಯಿಂದ ರೋಹನನ ಅಪ್ಪ ವಿರುಪಾಕ್ಷಪ್ಪನ ದನಿ ಬಂತು. "ಅವ್ವಾ, ಅಡಿಗಿ ಮನೀತನಕ ಹೊರಗಿನವರನ್ನ ಬಿಟ್ಟೀಯಲ್ಲ? ಯಾರ ಪೈಕಿ, ಏನು, ಕೇಳಿದ್ಯೇನು?"

ಕಾಂಚನ ಬಗ್ಗಿಸಿದ್ದ ತಲೆ ಎತ್ತಿದಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ. "ಅಂಕಲಿ ಸತ್ತೆವ್ವನ ಮಗಳ್ರಿ. ನಿಮ್ಮ ಕಬ್ಬಿನ್ಯಾಗ ಕಸಾ ತಗ್ಯಾಕ ಬರ್ತಿದ್ಲಲ್ಲ, ಆ ಸತ್ತೆವ್ವ. ಬುದ್ಧವಿಹಾರದ ಓಣಿ," ಎಂದಳು, ಅಳುಕದೆ.

ಆಯಿಯೇ ಮಗನಿಗೆ ಉತ್ತರ ಕೊಟ್ಟಳು. "ಬೋರ್ಡ್ ಅಡಿಗಿ ಮನ್ಯಾಗ ಐತಿ. ಆಕಿ ಪಡಸಾಲ್ಯಾಗ ಕುಂತು ರಿಪೇರಿ ಮಾಡ್ಲೇನು? ನೀ ಸುಮ್ಮಕುಂದರು."

ವಿರುಪಾಕ್ಷಪ್ಪನ ಮುಖ ಬಿಗಿಯಿತು. ಈ ಮನೆಗೆ ಕರೆಂಟು ಬಂದ ಕಾಲಕ್ಕೆ ವೈರಿಂಗ್ ಮಾಡಿದವನು ಅವನೇ. ಅಂದಿನಿಂದ ಹೊರಗಿನವರೊಬ್ಬರೂ ಈ ಮನೆಯ ವೈರು ಮುಟ್ಟಿರಲಿಲ್ಲ.

ಕಾಂಚನ ಫ್ಯೂಸ್ ಕಿತ್ತು ಬೆಳಕಿಗೆ ಹಿಡಿದಳು. ಒಳಗೆ ಬೇಲಿಗೆ ಕಟ್ಟುವಂಥ ದಪ್ಪ ತಂತಿ.

"ಇದನ್ಯಾರು ಹಾಕಿದವರು?"

"ನಾನ," ಎಂದ ರೋಹನ. "ಸಣ್ಣದು ಮ್ಯಾಲಿಂದ ಮ್ಯಾಲೆ ಸುಡ್ತಿತ್ತು. ಅದಕ್ಕ ದಪ್ಪಂದು ಹಾಕೀನಿ."

"ಸುಡೂದ ಅದರ ಕೆಲಸರಿ. ಅದು ಸುಡಲಿಲ್ಲಂದ್ರ ಮನಿ ಸುಡತೈತಿ."

ಅವಳು ಸುಟ್ಟು ಕಪ್ಪಾಗಿದ್ದ ಸಾಕೆಟ್ ಬದಲಿಸಿದಳು, ಹೊಸ ಬೋರ್ಡು ಕೂಡಿಸಿದಳು. ಕರೆಂಟು ಹರಿಯಬಾರದ ಕಡೆ ಹರಿದರೆ ತಾನೇ ಬಂದ್ ಆಗುವ ಟ್ರಿಪ್ಪರ್ ಹಾಕಿದಳು. ಅವನು ಟಾರ್ಚ್ ಹಿಡಿದು ನಿಂತಿದ್ದ. ಬೆಳಕು ಬೋರ್ಡಿನ ಮೇಲೆ ಬೀಳುವುದಕ್ಕಿಂತ ಅವಳ ಕೈಗಳ ಮೇಲೆ ಬೀಳುತ್ತಿದ್ದುದೇ ಹೆಚ್ಚು.

'ಇಂವ ಯಾಕ ಹಿಂಗ ನೋಡಾಕತ್ತಾನ...' ಎಂದುಕೊಂಡಳು ಕಾಂಚನ.

"ನೋಡ್ರಿ. ಬಲ್ಬ್ ಹಾಕೂದು ನಿಮ್ಮ ಕೆಲಸ. ಮೇನ್ ಬಂದ್ ಮಾಡಿ ಫ್ಯೂಸಿಗೆ ಅಳತೀ ವಾಯರ್ ಹಾಕೂದೂ ನಿಮ್ಮ ಕೆಲಸ. ಆದ್ರ ನಳ ಕಚ್ಚಿದ್ರ, ಸ್ವಿಚ್ ಬೆಚ್ಚಗಾದ್ರ, ಸುಟ್ಟ ವಾಸನಿ ಬಂದ್ರ, ಟ್ರಿಪ್ಪರ್ ಯಾಕ ಬಿತ್ತು ತಿಳೀಲಿಲ್ಲಂದ್ರ... ಮುಟ್ಟಬ್ಯಾಡ್ರಿ. ಕರೀರಿ."

"ಯಾರನ್ನ ಕರೀಲಿ?"

ಅವಳು ಚೀಲದಿಂದ ಹಳದಿ ಸ್ಟಿಕ್ಕರ್ ತೆಗೆದು ಬೋರ್ಡಿನ ಮೇಲೆ ಅಂಟಿಸಿ, ಹೆಬ್ಬೆರಳಿನಿಂದ ತಿಕ್ಕಿದಳು. "ಇಲ್ಲಿ ಬರದೈತಲ್ರಿ."

ಓದುಗರೇ, ಆ ಸ್ಟಿಕ್ಕರ್ ಎಂದರೆ ಅವಳಿಗೆ ಏನೆಂದು ಇಲ್ಲೇ ಹೇಳಿಬಿಡುತ್ತೇನೆ. ಐಟಿಐನಲ್ಲಿ ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಅಂಗಡಿ ಹಾಕಿದಾಗ "ನಿಮ್ಮ ಅಣ್ಣನ್ನ ಕಳಸವ್ವ" ಎಂದವರೇ ಎಲ್ಲರೂ. ಅವಳಿಗೆ ಅಣ್ಣನೇ ಇರಲಿಲ್ಲ. ಒಂದೊಂದು ಮನೆಯ ಬೋರ್ಡಿನ ಮೇಲೆ ಒಂದೊಂದು ಸ್ಟಿಕ್ಕರ್ ಅಂಟಿಸುತ್ತಾ ಈ ಸೀಮೆಯಲ್ಲಿ ಅವಳು ಹೆಸರು ಕಟ್ಟಿಕೊಂಡಿದ್ದಳು. ಆ ಸ್ಟಿಕ್ಕರ್ ಇದ್ದಲ್ಲಿ ಯಾರಿಗೂ ಶಾಕ್ ಹೊಡೆಯಬಾರದು... ಅದು ಅವಳ ಹಟ, ಅವಳ ಹೆಮ್ಮೆ.

ಅಂದೇ ಸಂಜೆ ರೋಹನನ ಫೋನ್ ಬಂತು. ಟ್ರಿಪ್ಪರ್ ಬಿದ್ದಿತ್ತು.

"ಆ ಹೊತ್ತಿನ್ಯಾಗ ಯಾವ ಸ್ವಿಚ್ ಹಾಕಿದ್ರಿ, ಕೇಳ್ರಿ ಮನ್ಯಾಗ."

ಅವನು ಅಪ್ಪನನ್ನು ಕೇಳಿದ್ದು ಅವಳಿಗೆ ಫೋನಿನಲ್ಲೇ ಕೇಳಿಸಿತು. "ಯಾವುದೂ ಹಾಕಿಲ್ಲ," ಎಂದ ವಿರುಪಾಕ್ಷಪ್ಪ. ಮರುದಿನದಿಂದ ಟ್ರಿಪ್ಪರ್ ಬೀಳಲೇ ಇಲ್ಲ. ನಳ ಕಚ್ಚುವುದೂ ನಿಂತಿತು. ಕಾಂಚನ ಅದನ್ನು ಅಲ್ಲಿಗೇ ಬಿಟ್ಟಳು.

ಆದರೆ ರೋಹನ ಬಿಡಬೇಕಲ್ಲ! ವಾರಕ್ಕೊಂದು ನೆಪ. ಫ್ಯಾನು ಮೆಲ್ಲಗೆ ತಿರುಗುತ್ತದೆ. ಕಾಲಿಂಗ್ ಬೆಲ್ ತೊದಲುತ್ತದೆ. ಒಮ್ಮೆ ಪಡಸಾಲೆಯ ಬಲ್ಬ್ ಹತ್ತುವುದಿಲ್ಲ ಎಂದು ಕರೆದ. ಕಾಂಚನ ಸ್ಟೂಲ್ ಹತ್ತಿ ನೋಡಿದಳು. ಬಲ್ಬಿನ ಧೂಳಿನ ಮೇಲೆ ಐದು ಬೆರಳಿನ ಗುರುತು.

"ಸಡಲ ಮಾಡಾಕ ಬರ್ತೈತಿ, ಬಿಗಿ ಮಾಡಾಕ ಬರಂಗಿಲ್ಲೇನ್ರಿ ನಿಮಗ?"

ರೋಹನ ಕಿವಿಯವರೆಗೆ ಕೆಂಪಾದ. "ಬರ್ತೈತಿ. ಆದ್ರ... ನೀವು ಬರಂಗಿಲ್ಲಲ್ಲ."

ಅವಳು ಬಲ್ಬ್ ಬಿಗಿ ಮಾಡಿ ಇಳಿದಳು. ಆ ದಿನ ಸ್ಕೂಟಿ ಹೊಡೆದುಕೊಂಡು ಹೋಗುವಾಗ ಅವಳ ನಗು ಅಂಕಲಿ ಬಂದರೂ ಮುಖದಿಂದ ಇಳಿಯಲಿಲ್ಲ. 'ಇದೇನಾಗಾಕತ್ತೈತಿ ನನಗ...' ಎಂದು ತನ್ನನ್ನೇ ಗದರಿಕೊಂಡಳು. ಆದರೆ ಮುಂದಿನ ವಾರ ಫೋನ್ ಯಾವಾಗ ಬರುತ್ತದೆಂದು ಕಾದವಳೂ ಅವಳೇ.

ಹೀಗೇ ಬಂದ ಒಂದು ಸಂಜೆ, ಆಯಿ ಒಂದು ಕೊಡ ನೀರು ಹೊತ್ತು ಬರಿಗಾಲಲ್ಲಿ ದನದ ಕೊಟ್ಟಿಗೆಯ ಹಿಂದೆ ಹೋಗುತ್ತಿದ್ದುದನ್ನು ಕಾಂಚನ ಕಂಡಳು. ಅಲ್ಲಿ ಗಿಡವಿರಲಿಲ್ಲ, ಬಳ್ಳಿಯಿರಲಿಲ್ಲ.

"ಯಾರಿಗ್ರಿ ಆಯಿ ನೀರು?"

"ದೀಪಕ್ಕ ಮಗಳ. ದಿನಾ ಸಂಜೀಕ ಹಾಕಬೇಕು."

ಯಾವುದೋ ದೇವರ ದೀಪವಿರಬೇಕು ಎಂದುಕೊಂಡಳು ಕಾಂಚನ. ರೋಹನ ಚಹಾದ ಕಪ್ಪು ಹಿಡಿದು ಎದುರಿಗೆ ಬಂದ. ಅಲ್ಲಿಗೆ ಆ ಮಾತು ಮರೆತೇ ಹೋಯಿತು.

*

ರೋಹನನ ಅಕ್ಕ ಸೌಂದರ್ಯಾಳ ಕುಬಸ, ಸೀಮಂತದ ಸಡಗರ. ನಿಪ್ಪಾಣಿ, ರಾಯಬಾಗದಿಂದ ನೆಂಟರು ಬಂದಿದ್ದರು. ಆಯಿ ಕಾಂಚನಳನ್ನು ಕೆಲಸಕ್ಕಲ್ಲ, ಊಟಕ್ಕೆ ಕರೆದಿದ್ದಳು. ಕಾಂಚನ ಇಳಕಲ್ ಸೀರೆ ಉಟ್ಟು ಬಂದಳು. ಅವಳನ್ನು ನೋಡಿದ ರೋಹನ ಕೈಯಲ್ಲಿದ್ದ ಹೋಳಿಗೆಯ ಬುಟ್ಟಿಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತ.

"ಇವತ್ತ ಬಲ್ಬ್ ಎಲ್ಲಾ ಬಿಗಿ ಅದಾವೇನ್ರಿ?" ಎಂದು ಪಿಸುಗುಟ್ಟಿದಳು.

"ನಾ ಒಬ್ಬಾಂವನ ಸಡಲ ಆಗೀನಿ," ಎಂದ.

ಹೊತ್ತು ಮುಳುಗಿತು. ಸೌಂದರ್ಯಾಳಿಗೆ ಆರತಿ ಎತ್ತಬೇಕು ಎನ್ನುವಷ್ಟರಲ್ಲಿ ಟಪ್ ಎಂದು ಮನೆಯಿಡೀ ಕತ್ತಲಾಯಿತು.

ರೋಹನ ಟ್ರಿಪ್ಪರ್ ಎತ್ತಿದ. ಬಿತ್ತು. ಮತ್ತೆ ಎತ್ತಿದ. ಮತ್ತೆ ಬಿತ್ತು.

"ಹಳೇ ಫ್ಯೂಸ್ ಇದ್ದಾಗ ಒಂದ ದಿನಾನೂ ಹಿಂಗ ಆಗಿಲ್ಲ," ಎಂದ ವಿರುಪಾಕ್ಷಪ್ಪ ನೆಂಟರೆಲ್ಲರಿಗೂ ಕೇಳುವ ಹಾಗೆ. "ಹೆಣ್ಣಹುಡುಗ್ಯಾರ ಕೈಯಾಗ ವಾಯರ್ ಕೊಟ್ರ ಹಿಂಗ. ರೋಹನ, ಅದನ್ನ ತಪ್ಪಿಸಿ ಡೈರೆಕ್ಟ್ ಕೊಡು."

"ಬ್ಯಾಡ್ರಿ," ಎಂದು ಕಾಂಚನ ಮುಂದೆ ಬಂದಳು. "ಎಲ್ಲೋ ಕರೆಂಟ್ ಸೋರಾಕತ್ತೈತಿ, ಅದಕ್ಕ ಅದು ಬೀಳಾಕತ್ತೈತಿ. ಅರ್ಧಾ ತಾಸು ಕೊಡ್ರಿ, ಹುಡುಕಿ ಕೊಡ್ತೀನಿ. ರೋಹನ, ಮುಟ್ಟಬ್ಯಾಡ್ರಿ."

ಬಸುರಿ ಅಕ್ಕ ಕತ್ತಲಲ್ಲಿ ಕೂತಿದ್ದಾಳೆ. ನೆಂಟರು ಗುಸುಗುಸು ಎನ್ನುತ್ತಿದ್ದಾರೆ. ಅಪ್ಪ ಹಲ್ಲು ಕಚ್ಚಿ ನೋಡುತ್ತಿದ್ದಾನೆ. ರೋಹನ ಕಾಂಚನಳ ಕಡೆ ನೋಡಿದ, ಅಪ್ಪನ ಕಡೆ ನೋಡಿದ... ಮೇನ್ ಇಳಿಸಿ, ಟ್ರಿಪ್ಪರಿನ ವೈರು ಬಿಚ್ಚಿ ಡೈರೆಕ್ಟ್ ಕಟ್ಟಿದ. ಮೇನ್ ಏರಿಸಿದ.

ಲೈಟು ಬಂತು. ಯಾರೋ ಸಿಳ್ಳೆ ಹೊಡೆದರು. "ಶಾಬಾಶ್ ಮಗನ!" ಎಂದ ವಿರುಪಾಕ್ಷಪ್ಪ.

ಕಾಂಚನಳ ಕಣ್ಣು ತುಂಬಿದವು. ಆದರೆ ಒಂದು ಹನಿಯೂ ಉದುರಲು ಅವಳು ಬಿಡಲಿಲ್ಲ. ನೆಟ್ಟಗೆ ಬೋರ್ಡಿನ ಬಳಿ ನಡೆದು, ಉಗುರಿನಿಂದ ಆ ಹಳದಿ ಸ್ಟಿಕ್ಕರನ್ನು ಕೆರೆದು ಕಿತ್ತಳು.

"ನನ್ನ ಹೆಸರು ಇರೂ ಬೋರ್ಡಿನ್ಯಾಗ ಡೈರೆಕ್ಟ್ ಲೈನ್ ಇರಬಾರದ್ರಿ," ಎಂದಳು. "ಇನ್ನ ಇದು ನಿಮ್ಮ ಬೋರ್ಡು."

"ಕಾಂಚನಾ, ಕೇಳಿಲ್ಲಿ..."

ಅವಳು ಕೇಳಲಿಲ್ಲ. ಸೀರೆಯ ನೆರಿಗೆ ಎತ್ತಿ ಹಿಡಿದು ಸ್ಕೂಟಿ ಹತ್ತಿದಳು. ಊಟವನ್ನೂ ಮಾಡದೆ ಹೋದ ಹುಡುಗಿಯನ್ನು ಕಂಡು ಆಯಿ ಬಾಗಿಲಲ್ಲೇ ಕುಸಿದು ಕೂತಳು.

*

ಆ ರಾತ್ರಿಯಿಡೀ ಫೋನ್ ರಿಂಗಾಯಿತು. ಮರುದಿನ ಮಧ್ಯಾಹ್ನದವರೆಗೂ ರಿಂಗಾಯಿತು. ಕಾಂಚನ ಅದನ್ನು ಬೋರಲು ಹಾಕಿಟ್ಟಳು.

"ಯಾರದರ ಮನ್ಯಾಗ ಲೈಟ್ ಹೋಗಿರಬೇಕು, ಎತ್ತ," ಎಂದಳು ತಾಯಿ ಸತ್ತೆವ್ವ.

"ಆ ಮನ್ಯಾಗ ಅವರ ಇಲೆಕ್ಟ್ರಿಷಿಯನ್ ಅದಾನ ಬೇ. ನಾ ಯಾಕ ಬೇಕು?"

ಸತ್ತೆವ್ವ ಮಗಳ ಮುಖ ನೋಡಿದಳು. ಕಬ್ಬಿನ ಸೋಗೆಯಿಂದ ಕೈ ಕೊಯ್ಯಿಸಿಕೊಂಡು ಮಗಳನ್ನು ಓದಿಸಿದವಳು. ಗೋಡೆಯ ಮೇಲೆ ಬಾಬಾಸಾಹೇಬರ ಫೋಟೊದ ಪಕ್ಕದಲ್ಲೇ ಮಗಳ ಐಟಿಐ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿದ್ದಳು.

"ಕೆಲಸಕ್ಕ ಬೈದ್ರು ಅಂತ ಮಾರಿ ಸಣ್ಣ ಮಾಡೀಯೋ, ಅಂವ ಬೈದ ಅಂತೋ?"

"ಅಂವ ಬೈದ್ರ ತಡಕೋತಿದ್ದೆ ಬೇ. ಅಂವ ನನ್ನ ಮಾತು ನಂಬಲಿಲ್ಲ." ಈಗ ಮಾತ್ರ ಕಣ್ಣೀರು ತಡೆಯಲಾಗಲಿಲ್ಲ. 'ನಾಕು ಮಂದಿ ಮುಂದ ನನ್ನ ಕೆಲಸದ ಪರವಾಗಿ ನಿಲ್ಲದಾಂವ ನಾಳೆ ನನ್ನ ಪರವಾಗಿ ಹ್ಯಾಂಗ ನಿಂದರ್ತಾನ...'

ಅದರ ಮಾರನೆಯ ಸಂಜೆ ಫೋನ್ ಸುಮ್ಮನಾಗಿತ್ತು. ಸತ್ತೆವ್ವ ಎಂದಿನಂತೆ ಬಾಗಿಲ ಬಳಿಯ ಮಲ್ಲಿಗೆ ಕುಂಡಕ್ಕೆ ತಂಬಿಗೆಯಿಂದ ನೀರು ಹಾಕತೊಡಗಿದಳು. ಕಾಂಚನ ಸುಮ್ಮನೆ ನೋಡುತ್ತಾ ಕೂತಿದ್ದಳು. ಒಣ ಮಣ್ಣು ನೀರು ಕುಡಿಯುತ್ತಿತ್ತು...

ಥಟ್ಟನೆ ಎದ್ದು ನಿಂತಳು.

"ದೀಪಕ್ಕ ನೀರು! ಅವ್ವಾ, ಆಯಿ ದೀಪಕ್ಕ ನೀರು ಹಾಕ್ತಾಳ!"

"ಏನಂತಿ?"

"ಕೊಟ್ಟಿಗಿ ಲೈಟಿಗೆ ಒಂದ ವಾಯರ್ ಒಯ್ದಾರ. ಎರಡನೇದ್ದರ ಬದಲಿಗೆ ನೆಲದಾಗ ಕಬ್ಬಿಣದ ಸಳಿ ಹುಗದು, ಕರೆಂಟ್ ಮಣ್ಣಿಗೆ ಬಿಟ್ಟಾರ. ಮಣ್ಣು ಒಣಗಿದ್ರ ಲೈಟ್ ಮಂದ ಆಗತೈತಿ, ಅದಕ್ಕ ದಿನಾ ನೀರು. ಸಂಜೀಕಷ್ಟ ನಳ ಕಚ್ಚತಿದ್ದದ್ದೂ ಅದಕ್ಕ, ಟ್ರಿಪ್ಪರ್ ಬಿದ್ದದ್ದೂ ಅದಕ್ಕ. ಈಗ ಟ್ರಿಪ್ಪರೂ ಇಲ್ಲ... ಆಯಿ ಬರಿಗಾಲಿಲೆ ಆ ಹಸೀ ನೆಲದಾಗ ನಿಂದರ್ತಾಳ!"

ರೋಹನನಿಗೆ ಫೋನ್ ಮಾಡಿದಳು. ಸ್ವಿಚ್ ಆಫ್. ಇನ್ನೊಮ್ಮೆ. ಸ್ವಿಚ್ ಆಫ್.

ಸಿಟ್ಟು, ಸೆಡವು ಎಲ್ಲ ಎಲ್ಲಿ ಹೋದವೋ. ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ದಾರಿ ಮಾಡಿಕೊಂಡು ಅವಳ ಸ್ಕೂಟಿ ಯಡೂರಿನ ದಾರಿ ಹಿಡಿಯಿತು. 'ನಾ ಫೋನ್ ಎತ್ತಬೇಕಾಗಿತ್ತು... ಎತ್ತಿದ್ರ ಹೇಳಬಹುದಿತ್ತು...' ದಾರಿಯುದ್ದಕ್ಕೂ ಅದೊಂದೇ ಮಾತು ಮನಸ್ಸಿನಲ್ಲಿ.

ರೋಹನನ ತೋಟದ ಮನೆ ಮುಟ್ಟಿದಾಗ ಅಲ್ಲಿ ಒಂದು ಲೈಟೂ ಇರಲಿಲ್ಲ. ಪಡಸಾಲೆಯಲ್ಲಿ ಒಂದು ಕಂದೀಲು. ಕೊಟ್ಟಿಗೆಯ ಹಿಂದೆ ರೂಢಿಯಂತೆ ನೀರು ತಂದ ಆಯಿ, ಸೊಂಟದ ಮೇಲೆ ಕೊಡ.

"ಆಯಿ, ಅಲ್ಲೇ ನಿಂದರ್ರಿ! ಕೊಡ ಕೆಳಗ ಇಡ್ರಿ, ಹಿಂದ ಸರೀರಿ!"

ಆಯಿ ಗಾಬರಿಯಿಂದ ಕೊಡ ಇಳಿಸಿದಳು. ಕಾಂಚನ ಓಡಿ ಹೋಗಿ ಅವಳನ್ನು ಎರಡೂ ತೋಳಿನಿಂದ ಹಿಂದಕ್ಕೆಳೆದು ಅಪ್ಪಿಕೊಂಡಳು.

"ಹೆದರಬ್ಯಾಡ. ಮೇನ್ ಬಂದ್ ಐತಿ," ಎಂದಿತು ಹಿಂದಿನಿಂದ ಒಂದು ದನಿ.

ರೋಹನ. ಕುರುಚಲು ಗಡ್ಡದ ಮುಖ, ನಿದ್ದೆಯಿಲ್ಲದ ಕಣ್ಣು.

"ಯಾವಾಗ ಬಂದ್ ಮಾಡಿದ್ರಿ?"

"ಕುಬಸದ ದಿನಾನ. ಮಂದಿ ಉಂಡು ಎದ್ದ ಕೂಡಲೆ. ಡೈರೆಕ್ಟ್ ಕಿತ್ತು ಒಗದೀನಿ. ನೀ ಬಂದು ನೋಡೂತನಕ ಈ ಮನ್ಯಾಗ ಲೈಟ್ ಹತ್ತಂಗಿಲ್ಲ ಅಂತ ಹೇಳೀನಿ."

"ಫೋನ್..."

"ನೀ ಎತ್ತಲಿಲ್ಲ. ಆಮ್ಯಾಲೆ ಚಾರ್ಜ್ ಮಾಡಾಕ ಕರೆಂಟ್ ಎಲ್ಲೈತಿ? ಇವತ್ತ ಮುಂಜಾನೆ ಅಂಗಡಿಗೆ ಬಂದಿದ್ದೆ, ಕೀಲಿ ಹಾಕಿತ್ತು. ಮನಿಗೆ ಬರೂ ಧೈರ್ಯ ಆಗಲಿಲ್ಲ."

ಕಾಂಚನ ಅವನನ್ನೇ ನೋಡಿದಳು. ತನ್ನ ಮನೆಯ ವೈರನ್ನು ಇನ್ನೊಬ್ಬರು ಮುಟ್ಟಿದರೆ ಸಹಿಸದವನು, ಸ್ಕ್ರೂಡ್ರೈವರ್ ಕೈಯಲ್ಲಿದ್ದೂ ಕತ್ತಲಲ್ಲಿ ಕೂತಿದ್ದಾನೆ. ಅವಳು ಹೇಳಿದ್ದ ಒಂದೇ ಮಾತಿಗೆ... ತಿಳೀಲಿಲ್ಲಂದ್ರ ಮುಟ್ಟಬ್ಯಾಡ್ರಿ, ಕರೀರಿ.

"ಅವತ್ತ ಅರ್ಧಾ ತಾಸು ಕೊಡಬೇಕಾಗಿತ್ತು ನಾ," ಎಂದ ರೋಹನ. "ಮಂದಿಗೆ ಅಂಜಿದೆ. ತಪ್ಪಾತು."

ಕಂದೀಲು ಹಿಡಿದು ವಿರುಪಾಕ್ಷಪ್ಪ ಹೊರಗೆ ಬಂದ. ಕಾಂಚನ ನೆಲದತ್ತ ಬೊಟ್ಟು ಮಾಡಿದಳು. ಒದ್ದೆ ಮಣ್ಣಿನಿಂದ ತುಕ್ಕು ಹಿಡಿದ ಸರಳಿನ ತುದಿಯೊಂದು ಇಣುಕುತ್ತಿತ್ತು. ನಳದ ಕೊಳವೆ ಅಲ್ಲಿಂದ ಒಂದು ಮೊಳ ದೂರ.

"ಇದು ಯಾರ ಕೆಲಸರಿ ಕಾಕಾರ?"

ಮುದುಕ ಕಂದೀಲು ತಗ್ಗಿಸಿ ಸರಳಿನ ತುದಿಯನ್ನು ನೋಡಿದ.

"ನಂದ," ಎಂದ ಕೊನೆಗೆ. "ಆಗ ವಾಯರ್ ಸಿಗತಿರಲಿಲ್ಲ. ಒಂದ ವಾಯರಿನ್ಯಾಗ ಲೈಟ್ ಹಚ್ಚಿದಾಗ ಊರ ಮಂದೆಲ್ಲಾ ನೋಡಾಕ ಬಂದಿದ್ರು. ನೀ ಟ್ರಿಪ್ಪರ್ ಹಾಕಿದ ದಿನಾನ ಗೊತ್ತಾತು, ಇದರಿಂದನ ಬೀಳಾಕತ್ತೈತಿ ಅಂತ. ಬಾಯಿ ಬರಲಿಲ್ಲ. ಲೈಟ್ ಹಾಕೂದ ಬಿಟ್ಟೆ, ನೀರು ಬ್ಯಾಡಂತ ಅವ್ವಗೂ ಹೇಳಲಿಲ್ಲ. ಕುಬಸದ ದಿನ ಅಡಿಗಿಯವರು ಕೊಟ್ಟಿಗ್ಯಾಗ ಕತ್ತಲಿ ಅಂದ್ರು, ಹಾಕಿದೆ."

"ಎಲ್ಲಾರ ಮುಂದ ಕಾಂಚನಾನ ತಲಿಗೆ ಕಟ್ಟಿದಿ," ಎಂದ ರೋಹನ.

ಅವನನ್ನು ಕಾಂಚನ ಕಣ್ಣಿನಲ್ಲೇ ತಡೆದಳು. "ಕಾಕಾರ, ಒಂದ ವಾಯರಿನ್ಯಾಗ ಲೈಟ್ ಹಚ್ಚೂದು ಎಲ್ಲಾರಿಗೂ ಹೊಳ್ಯಾಂಗಿಲ್ಲ. ಅದು ಖರೆ. ಆದ್ರ ಆ ದೀಪಕ್ಕ ಆಯಿ ದಿನಾ ಬರಿಗಾಲಿಲೆ ನೀರು ಹಾಕ್ಯಾಳ. ಇಷ್ಟ ದಿನ ಏನೂ ಆಗಿಲ್ಲಂದ್ರ ಅದು ನಮ್ಮ ಪುಣ್ಯೇವು, ನಮ್ಮ ಶಾಣ್ಯಾತನ ಅಲ್ಲ."

ವಿರುಪಾಕ್ಷಪ್ಪ ತಾಯಿಯ ಕಾಲು ನೋಡಿದ. ಕೆಸರು ಹತ್ತಿದ ಬರಿಯ ಕಾಲು. ಅವನು ಕಂದೀಲನ್ನು ಮಗನ ಕೈಗೆ ಕೊಟ್ಟು, ಬಗ್ಗಿ, ಎರಡೂ ಕೈಯಿಂದ ಆ ಸರಳನ್ನು ಹಿಡಿದು ಅಲುಗಾಡಿಸಿ ಕಿತ್ತು ಪಕ್ಕಕ್ಕೆ ಹಾಕಿದ.

"ಒಳಗ ಬಾ ಮಗಳ," ಎಂದ. "ಎಲ್ಲೆಲ್ಲಿ ನನ್ನ ಕೈ ಬಿದ್ದೈತಿ ತೋರಸ್ತೀನಿ. ಎಲ್ಲಾ ಸರಿ ಮಾಡು."

'ಮಗಳ' ಎಂದದ್ದು ಕೇಳಿ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕಾಂಚನ ಆ ಒಂಟಿ ತಂತಿಯನ್ನು ಬುಡಸಮೇತ ಕತ್ತರಿಸಿದಳು. ಟ್ರಿಪ್ಪರ್ ಮತ್ತೆ ಕೂಡಿಸಿದಳು. ರೋಹನ ಟಾರ್ಚಿನ ಬದಲು ಕಂದೀಲು ಹಿಡಿದು ನಿಂತಿದ್ದ. ಮೇನ್ ಏರಿಸಿದಾಗ ಮನೆಯಿಡೀ ಬೆಳಗಿತು, ಟ್ರಿಪ್ಪರ್ ಕದಲಲಿಲ್ಲ.

"ಕೊಟ್ಟಿಗಿಗೆ ನಾಳೆ ಎರಡು ವಾಯರ್ ಎಳೀತೀನ್ರಿ," ಎಂದಳು.

"ಎಳಿ. ಆ ಕೆಲಸ ಆದ ಮ್ಯಾಲೆ ನಾ ಅಂಕಲಿಗೆ ಬರ್ತೀನಿ," ಎಂದ ವಿರುಪಾಕ್ಷಪ್ಪ. "ಸತ್ತೆವ್ವನ ಕೂಡ ಮಾತಾಡೂದೈತಿ. ಈ ಹುಡುಗ ಎಷ್ಟ ದಿನಾ ಅಂತ ಬಲ್ಬ್ ಸಡಲ ಮಾಡ್ಕೋತ ಕುಂದರ್ತಾನ?"

ರೋಹನ ಬೆಚ್ಚಿ ಅಪ್ಪನನ್ನು ನೋಡಿದ. ಮುದುಕ ನಗುತ್ತಾ ತಾಯಿಯ ಕೈ ಹಿಡಿದು ಒಳಗೆ ನಡೆದ.

ಅಡುಗೆಮನೆಯಲ್ಲಿ ಇಬ್ಬರೇ ಉಳಿದರು.

"ಒಂದು ಸ್ಟಿಕ್ಕರ್ ಕೊಡು," ಎಂದ ರೋಹನ.

ಅವಳು ಚೀಲದಿಂದ ತೆಗೆದು ಕೊಟ್ಟಳು. ಅವನು ಅದನ್ನು ಬೋರ್ಡಿನ ಮೇಲೆ ಇಟ್ಟು, ಹೆಬ್ಬೆರಳಿನಿಂದ ಮೂಲೆ ಮೂಲೆಯನ್ನೂ ತಿಕ್ಕಿ ಅಂಟಿಸಿದ. ಸ್ವಲ್ಪ ಸೊಟ್ಟಾಯಿತು.

"ಕಾಂಚನಾ, ಇನ್ನ ನಾ ಬಲ್ಬ್ ಸಡಲ ಮಾಡಂಗಿಲ್ಲ. ನೆಪ ಹೇಳಿ ಕರಿಯೂದು ಸಾಕಾಗೈತಿ ನನಗ. ನೀ ಅಂದ್ರ ನನಗ ಜೀವ. ಈ ಮನೀಗೆ ನನ್ನ ಹೇಣ್ತಿಯಾಗಿ ಬರ್ತಿಯೇನು?"

ಅವಳು ತಲೆ ಎತ್ತಿ ಹೇಳಿದಳು. "ನಾ ಅಂಗಡಿ ಬಿಡಂಗಿಲ್ಲ."

"ಬಿಡಂತ ಯಾರಂದ್ರು? ನಿಪ್ಪಾಣಿ ಮಂದಿಗೂ ರಾಯಬಾಗ ಮಂದಿಗೂ ನಾನ ಫೋನ್ ಮಾಡಿ ಹೇಳ್ತೀನಿ... ಅವತ್ತ ಕಾಂಚನಾಂದ ಖರೆ ಇತ್ತು, ನಂದು ತಪ್ಪಿತ್ತು ಅಂತ. ನಿಮ್ಮನೀ ಬೋರ್ಡಿಗೂ ಆಕೀನ್ನ ಕರೀರಿ ಅಂತೀನಿ."

ಕಾಂಚನ ಅವನ ಕೈ ಹಿಡಿದಳು. ಕಂದೀಲಿನ ಮಸಿ ಅವನ ಬೆರಳಿನಿಂದ ಅವಳ ಬೆರಳಿಗೂ ಹತ್ತಿತು.

"ಮತ್ತ ನಾ ಫೋನ್ ಮಾಡಿದ್ರ ಎತ್ತತಿಯೇನು?" ಎಂದು ಅವನು ಮೆಲ್ಲಗೆ ಕೇಳಿದ.

"ಮೊದಲ ರಿಂಗಿಗೇ," ಎಂದಳು.